ಕ್ಯಾಬೇಜಿಗೆ ಬಂದ ಕೇಡುಗಾಲ

ಈಗೀಗ ಮಂಗಳೂರಿನ ಹಂಪನಕಟ್ಟೆಯಲ್ಲಿ ನಾಲ್ಕು ಹೆಂಗಸರು ಸೇರಿದರೆ ಮೊದಲು ಚಿನ್ನದ ರೇಟು, ಆಮೇಲೆ ಥೈರಾಯ್ಡ್ ಟೆಸ್ಟಿನ ಟಿಎಸ್‌ಎಚ್ ಎಷ್ಟೆಂಬ ಮಾತು. ಒಬ್ಬರಿಗೆ ಏಳು, ಇನ್ನೊಬ್ಬರಿಗೆ ಹನ್ನೆರಡು. ಹೆಚ್ಚಿದ್ದವರಿಗೆ ಗತ್ತೂ ಸ್ವಲ್ಪ ಹೆಚ್ಚು. ವೆನ್‌ಲಾಕ್ ಆಸ್ಪತ್ರೆ 1848ರಿಂದ ಇಲ್ಲೇ ಉಂಟು, ಸುತ್ತಮುತ್ತ ಲ್ಯಾಬು, ಮೆಡಿಕಲ್ಲುಗಳಿಗೆ ಬರವಿಲ್ಲ. ಆದರೂ ಪಥ್ಯ ಹೇಳುವುದು ಪಕ್ಕದ ಮನೆಯವರೇ, ಅಲ್ವಾ?

ನಮ್ಮ ಬೇಲಿಯಾಚೆಯ ಅಕ್ಕನಿಗೆ ಥೈರಾಯ್ಡ್ ಎಂದು ಗೊತ್ತಾದದ್ದೇ ತಡ, ಅಡುಗೆಮನೆಯಿಂದ ಕ್ಯಾಬೇಜು ಗಡೀಪಾರು. ಅದರ ಬೆನ್ನಿಗೇ ಹೂಕೋಸು, ಮೂಲಂಗಿ. ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರುವುದಕ್ಕೆ ಅಡ್ಡಬರುವ ಅಂಶ ಅವುಗಳಲ್ಲಿ ಉಂಟು, ಸುಳ್ಳಲ್ಲ. ಆದರೆ ಅದು ಮೈಯಲ್ಲಿ ಅಯೋಡಿನ್ ಕಡಿಮೆಯಿದ್ದು, ದಿನಾ ಹಸಿಹಸಿಯಾಗಿ ರಾಶಿ ತಿಂದವರ ಕಥೆ. ತೆಂಗಿನತುರಿ ಉದುರಿಸಿ ಬೇಯಿಸಿದ ಎರಡು ಸೌಟು ಪಲ್ಯದಿಂದ ಎಂತ ಮಣ್ಣೂ ಆಗುವುದಿಲ್ಲ ಮಾರಾಯ್ರೆ.

ತಮಾಷೆ ಎಂತ ಗೊತ್ತುಂಟಾ? ಅದೇ ಅಕ್ಕ ಬೆಳಗ್ಗೆ ಥೈರಾಯ್ಡ್ ಮಾತ್ರೆ ನುಂಗುವುದು ಬಿಸಿಬಿಸಿ ಕಾಫಿಯೊಟ್ಟಿಗೆ! ಕಾಫಿ ಆ ಮಾತ್ರೆಯನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಖಾಲಿ ಹೊಟ್ಟೆಗೆ ನೀರಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಕಾಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಂತೂ ನಾಲ್ಕು ಗಂಟೆ ದೂರವೇ ಇರಬೇಕು. ಹೇಳಿದೆ. "ಕಾಫಿ ಕುಡಿಯದೆ ನನಗೆ ಕಣ್ಣೇ ಬಿಡಲಿಕ್ಕಾಗುವುದಿಲ್ಲ, ಮತ್ತೆ ಮಾತ್ರೆ ಕಾಣುವುದು ಹೇಗೆ?" ಅಂದರು. ಅದಕ್ಕೆ ನಾನು ಎಂತ ಹೇಳುವುದು!

ಉಪ್ಪಿನದ್ದು ಇನ್ನೊಂದು ರಾಮಾಯಣ. ಅವರ ಸೊಸೆ ಈಗ ಗುಲಾಬಿ ಬಣ್ಣದ ಇಂದುಪ್ಪು ತರುತ್ತಾಳೆ, ಆರೋಗ್ಯಕ್ಕಂತೆ. 1962ರಲ್ಲಿ ಸರಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿ, ಅಷ್ಟು ವರ್ಷ ಹೋರಾಡಿ ಉಪ್ಪಿಗೆ ಅಯೋಡಿನ್ ಸೇರಿಸಿತು. ನಾವು ಅಂಗಡಿಗೆ ಹೋಗಿ, ನಾಲ್ಕು ಕಾಸು ಹೆಚ್ಚೇ ಕೊಟ್ಟು, ಅದಿಲ್ಲದ ಉಪ್ಪು ತರುತ್ತೇವೆ. ಪುಣ್ಯಕ್ಕೆ ನಮ್ಮೂರಲ್ಲಿ ಸಮುದ್ರದ ಮೀನುಂಟು, ಅದರಲ್ಲಿ ಅಯೋಡಿನ್ನೂ ಉಂಟು. ಮೀನು ಅಂದಾಗ ನೆನಪಾಯಿತು, ನಮ್ಮಜ್ಜಿ ಹಳೇ ಸೆಂಟ್ರಲ್ ಮಾರ್ಕೆಟಿಗೆ ಹೋದರೆ ಒಂದೊಂದೇ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದರು. ಕೆಂಪಗಿದ್ದರೆ ಬುಟ್ಟಿಗೆ, ಕಂದಿದ್ದರೆ ವಾಪಸ್. ಮೀನಿನವಳು ತುಳುವಿನಲ್ಲಿ ಬೈಯುತ್ತಲೇ ಇನ್ನೊಂದು ಎತ್ತಿ ಕೊಡುವಳು. ಅಷ್ಟು ಪರೀಕ್ಷೆ ಈಗ ಯಾವ ಲ್ಯಾಬಿನಲ್ಲಿ ಮಾಡುತ್ತಾರೆ ಹೇಳಿ?

ಎಲ್ಲಿದ್ದೆ? ಹಾಂ, ಅಕ್ಕನ ಮನೆಯ ಮೊಮ್ಮಗಳು. ಅವಳಿಗೆ ಪಿಸಿಒಡಿ. ಅನ್ನ ಪೂರ್ತಿ ಬಂದ್, ಮಧ್ಯಾಹ್ನ ಸೌತೆಕಾಯಿ ಮೆಲ್ಲುವುದು. ಸಂಜೆ ಹೊಟ್ಟೆ ತಾಳ ಹಾಕಿದಾಗ ಗೆಳತಿಯರೊಟ್ಟಿಗೆ ಐಡಿಯಲ್‌ಗೆ ಹೋಗಿ ಒಂದು ಗಡ್‌ಬಡ್! 1975ರಿಂದ ಮಂಗಳೂರಿಗೆ ಐಸ್‌ಕ್ರೀಮು ತಿನ್ನಿಸಿದ ಅಂಗಡಿ, ದಾಟಿ ಬರುವುದೂ ಕಷ್ಟವೇ ಬಿಡಿ. ಆದರೆ ಪಿಸಿಒಡಿಯಲ್ಲಿ ತುಂಬಾ ಮಂದಿಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಲೋಟದ ಜೆಲ್ಲಿ, ಸಕ್ಕರೆ ಎಲ್ಲ ಅಲ್ಲಿಗೇ ಹೊರೆ. ತೂಕ ಹೆಚ್ಚಿದ್ದವರು ನೂರಕ್ಕೆ ಐದು ಪಾಲು ಇಳಿಸಿದರೂ ಎಷ್ಟೋ ಜನರಿಗೆ ತಿಂಗಳ ಲೆಕ್ಕ ಸರಿಯಾಗುತ್ತದೆ. ಅದಕ್ಕೆ ಉಪವಾಸ ಬೇಡ. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಬದಲು ನಮ್ಮ ಕುಚ್ಚಲಕ್ಕಿ ಅನ್ನ, ಅದೂ ಮಿತವಾಗಿ, ಜೊತೆಗೆ ಹೆಸರುಕಾಳಿನ ಗಸಿ, ಬಸಳೆ, ಒಂದು ತುಂಡು ಮೀನು ಸಾಕು. ಆಟಿ ಅಮಾವಾಸ್ಯೆಗೆ ಹಾಲೆ ಕಷಾಯದ ಕಹಿಗೆ ಮುಖ ಹಿಂಡಿ, ಆಮೇಲೆ ಮೆಂತೆ ಗಂಜಿ ಉಣ್ಣುತ್ತಿದ್ದೆವಲ್ಲ, ಆಗ ಯಾರೂ ಡಯಟ್ ಅನ್ನುತ್ತಿರಲಿಲ್ಲ.

ಈಗ ಅಕ್ಕ ಕೊತ್ತಂಬರಿ ಬೀಜ ನೆನೆಸಿದ ನೀರು ಶುರು ಮಾಡಿದ್ದಾರೆ, ಇನ್ನು ಮಾತ್ರೆಯೇ ಬೇಡವಂತೆ. ನೀರು ಕುಡಿಯುವವರು ಕುಡಿಯಿರಿ, ನನ್ನದೇನೂ ತಕರಾರಿಲ್ಲ. ಡಾಕ್ಟರನ್ನು ಕೇಳದೆ ಮಾತ್ರೆ ಮಾತ್ರ ಬಿಡಬೇಡಿ ಮಾರಾಯ್ರೆ.