ಇಲ್ಲದ ಕಾಯ್ದೆಗೆ ಒಂದು ತಿದ್ದುಪಡಿ

ಹವಾಮಾನಕ್ಕೆಂದೇ ಕಾಯ್ದೆ ಮಾಡಿಕೊಂಡು ಕೈ ಸುಟ್ಟುಕೊಂಡ ದೇಶಗಳ ಸುದ್ದಿ ಓದಿದಾಗಲೆಲ್ಲ ನಮ್ಮವರ ಮುಂದಾಲೋಚನೆಗೆ ಕೈ ಮುಗಿಯಬೇಕೆನಿಸುತ್ತದೆ. ಜರ್ಮನಿ 2019ರಲ್ಲಿ ಹವಾಮಾನ ರಕ್ಷಣಾ ಕಾಯ್ದೆ ತಂದಿತು. ತಂದದ್ದೇನೂ ತಪ್ಪಲ್ಲ, ಅದರಲ್ಲಿ ಅಂಕಿ ಬರೆದದ್ದು ತಪ್ಪಾಯಿತು. ಸಾರಿಗೆಗೆ ಇಷ್ಟು ಹೊಗೆ, ಕಟ್ಟಡಗಳಿಗೆ ಇಷ್ಟು, ಕೈಗಾರಿಕೆಗೆ ಇಷ್ಟು ಎಂದು ವರ್ಷವರ್ಷಕ್ಕೂ ಗೆರೆ ಎಳೆದರು. ಗೆರೆ ದಾಟಿದ ಇಲಾಖೆಯ ಮಂತ್ರಿ ಮೂರು ತಿಂಗಳೊಳಗೆ ತುರ್ತು ಕಾರ್ಯಕ್ರಮ ಒಪ್ಪಿಸಬೇಕು ಎಂದೂ ಬರೆದುಬಿಟ್ಟರು. ಸಾರಿಗೆ ಇಲಾಖೆ 2021ರಿಂದ ಸಾಲಾಗಿ ಗೆರೆ ದಾಟಿತು. 2022ರಲ್ಲಿ ಸಾರಿಗೆ ಮಂತ್ರಿ ಫೋಲ್ಕರ್ ವಿಸ್ಸಿಂಗ್ ಕೊಟ್ಟ ಕಾರ್ಯಕ್ರಮ ವಿವರವಾಗಿ ಪರಿಶೀಲಿಸುವುದಕ್ಕೂ ಯೋಗ್ಯವಲ್ಲ ಎಂದು ತಜ್ಞರ ಮಂಡಳಿ ಪಕ್ಕಕ್ಕಿಟ್ಟಿತು. 2024ರ ಏಪ್ರಿಲ್‌ನಲ್ಲಿ ಅದೇ ಮಂತ್ರಿಗಳು, ಕಾಯ್ದೆಯನ್ನು ಬೇಗ ತಿದ್ದದಿದ್ದರೆ ಶನಿವಾರ ಭಾನುವಾರ ಜನ ಕಾರು ತೆಗೆಯದಂತೆ ಮಾಡಬೇಕಾದೀತು ಎಂದು ಕಾಗದ ಬರೆದರು. ಜುಲೈ ಹೊತ್ತಿಗೆ ತಿದ್ದುಪಡಿ ಜಾರಿಗೆ ಬಂತು. ಇನ್ನು ಮೇಲೆ ಒಂದೊಂದು ಇಲಾಖೆಯ ಲೆಕ್ಕ ಮಂತ್ರಿಯ ಕುತ್ತಿಗೆಗೆ ಬರುವುದಿಲ್ಲ, ಎಲ್ಲರದ್ದೂ ಸೇರಿಸಿ ಒಟ್ಟು ಮೊತ್ತ ನೋಡಿದರೆ ಸಾಕು. ಗಣಿತದಲ್ಲಿ ಡುಮ್ಕಿ ಹೊಡೆದ ಮಗನ ಅಂಕಪಟ್ಟಿಯಲ್ಲಿ ಟೋಟಲ್ ಮಾತ್ರ ತೋರಿಸಿ ಎಂದು ಮೇಷ್ಟರನ್ನು ಕೇಳಿಕೊಳ್ಳುವ ಅಪ್ಪ ನಮ್ಮ ಊರಲ್ಲೂ ಇದ್ದಾನೆ. ಅವನಿಗೆ ಸಂಸತ್ತಿನ ಬಹುಮತ ಇಲ್ಲ, ಅಷ್ಟೇ.

ನ್ಯೂಜಿಲೆಂಡಿನವರದ್ದು ಇನ್ನೊಂದು ಬಗೆ. ದನಕುರಿಗಳ ಮೀಥೇನ್ ಅನಿಲವನ್ನು 2050ರ ಹೊತ್ತಿಗೆ 2017ರ ಮಟ್ಟಕ್ಕಿಂತ ಶೇ 24ರಿಂದ 47ರಷ್ಟು ಇಳಿಸುತ್ತೇವೆ ಎಂದು 2019ರಲ್ಲಿ ಕಾನೂನಿಗೇ ಸೇರಿಸಿದ್ದರು. ದನಗಳು ಕಾನೂನು ಓದಲಿಲ್ಲ, ತೇಗುತ್ತಲೇ ಇದ್ದವು. 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಆ ಗುರಿಯನ್ನೇ ಶೇ 14ರಿಂದ 24ಕ್ಕೆ ಇಳಿಸುವುದಾಗಿ ಘೋಷಿಸಿತು. ಅನಿಲ ಇಳಿಯದಿದ್ದರೇನು, ಗುರಿ ಇಳಿಯಿತಲ್ಲ. ಬ್ರಿಟನ್ನಿನ 2008ರ ಕಾಯ್ದೆಯ ಕಥೆ ಎತ್ತುವುದೇ ಬೇಡ. 2019ರಲ್ಲಿ ಅದಕ್ಕೆ, ಬಿಟ್ಟಷ್ಟು ಹೊಗೆಯನ್ನು ಹೀರಿಯೂಬಿಡುವ ‘ನಿವ್ವಳ ಶೂನ್ಯ’ದ ಗುರಿ ತೊಡಿಸಿದ ಪಕ್ಷದವರೇ ಈಗ, ಅಧಿಕಾರ ಕೊಡಿ, ಕಾಯ್ದೆಯನ್ನೇ ರದ್ದು ಮಾಡುತ್ತೇವೆ ಎನ್ನುತ್ತಿದ್ದಾರೆ.

ಎಷ್ಟೊಂದು ಶ್ರಮ! ಮೊದಲು ಕಾಯ್ದೆ ಮಾಡುವ ಶ್ರಮ, ಆಮೇಲೆ ಅದನ್ನು ಸಡಿಲಿಸುವ ಶ್ರಮ. ಭಾರತ ಇವೆರಡನ್ನೂ ಉಳಿಸಿದೆ. ನಮ್ಮಲ್ಲಿ ಹವಾಮಾನ ಬದಲಾವಣೆಗೆಂದೇ ಒಂದು ಸಮಗ್ರ ಕಾಯ್ದೆ ಇಲ್ಲ ಎಂಬುದನ್ನು ಸ್ವತಃ ಸುಪ್ರೀಂ ಕೋರ್ಟೇ 2024ರಲ್ಲಿ ಗಮನಿಸಿದೆ. ಇಲ್ಲದ ಕಾಯ್ದೆಯನ್ನು ಯಾರೂ ಮುರಿಯಲಾರರು. ಯಾವ ಮಂತ್ರಿಗೂ ಮೂರು ತಿಂಗಳ ನೋಟಿಸು ಬರುವುದಿಲ್ಲ. ಹಾಗೆಂದು ನಾವು ಸುಮ್ಮನೆ ಕೂತಿಲ್ಲ. 2008ರ ಜೂನ್ 30ರಂದೇ ರಾಷ್ಟ್ರೀಯ ಕ್ರಿಯಾ ಯೋಜನೆ ಬಂತು. ಸೌರಶಕ್ತಿಗೊಂದು, ನೀರಿಗೊಂದು, ಹಿಮಾಲಯಕ್ಕೊಂದು, ಬೇಸಾಯಕ್ಕೊಂದು ಹೀಗೆ ಎಂಟು ಮಿಷನ್‌ಗಳು. ಅಷ್ಟದಿಕ್ಪಾಲಕರಂತೆ ಅವು ಅಂದಿನಿಂದ ನಿಂತೇ ಇವೆ. 2021ರಲ್ಲಿ ಗ್ಲಾಸ್ಗೋದ ಹವಾಮಾನ ಶೃಂಗಸಭೆಯಲ್ಲಿ, 2070ಕ್ಕೆ ನಿವ್ವಳ ಶೂನ್ಯ ಎಂದು ಘೋಷಿಸಿದೆವು. ಆ ವರ್ಷವನ್ನು ಆಯ್ದವರ ಬುದ್ಧಿಗೆ ಯಾವ ಬಹುಮಾನ ಕೊಟ್ಟರೂ ಕಡಿಮೆ. ಅಂದು ಲೆಕ್ಕ ಒಪ್ಪಿಸಬೇಕಾದ ಕಾರ್ಯದರ್ಶಿಗಳು ಇಂದು ಯಾವುದೋ ಅಂಗನವಾಡಿಯಲ್ಲಿ ಮೊಟ್ಟೆಗಾಗಿ ಕಾದು ಕೂತಿರಬೇಕು. ಅವರಿಗೆ ಈಗಲೇ ತಿಳಿಸಿಬಿಡುವುದು ಒಳ್ಳೆಯದು.

ಕಾಯ್ದೆ ಬೇಕೆನ್ನುವವರು ಇಲ್ಲವೆಂದಲ್ಲ. ಸಂಸದರು ಖಾಸಗಿ ಮಸೂದೆ ಮಂಡಿಸಬಹುದು. ಅದಕ್ಕೆಂದೇ ಶುಕ್ರವಾರ ಮಧ್ಯಾಹ್ನದ ಹೊತ್ತನ್ನು ಮೀಸಲಿಟ್ಟಿದ್ದಾರೆ, ಊರಿಗೆ ಹೋಗುವ ವಿಮಾನ ಇರುವ ಹೊತ್ತು. ಸ್ವಾತಂತ್ರ್ಯ ಬಂದಾಗಿನಿಂದ ಅಂಥ 14 ಮಸೂದೆಗಳು ಕಾನೂನಾಗಿವೆ, ಕೊನೆಯದು 1970ರಲ್ಲಿ. ಬಾಗಿಲು ತೆರೆದೇ ಇದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 2017ರಲ್ಲಿ ರಿಧಿಮಾ ಪಾಂಡೆ ಎಂಬ 9 ವರ್ಷದ ಹುಡುಗಿ, ನಮ್ಮ ಕಾಲಕ್ಕೆ ಏನು ಉಳಿಸುತ್ತೀರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೇ ಅರ್ಜಿ ಹಾಕಿದಳು. 2019ರ ಜನವರಿಯಲ್ಲಿ ಉತ್ತರ ಬಂತು: ಪರಿಸರ ಅನುಮತಿ ಕೊಡುವಾಗ ಪ್ಯಾರಿಸ್ ಒಪ್ಪಂದವನ್ನು ಸರ್ಕಾರ ಗಮನಿಸುತ್ತಿಲ್ಲ ಎಂದು ಭಾವಿಸಲು ಕಾರಣ ಕಾಣುವುದಿಲ್ಲ, ಅರ್ಜಿ ವಜಾ. ದೊಡ್ಡವರು ನೋಡಿಕೊಳ್ಳುತ್ತಾರೆ ಮಗಳೇ ಎಂಬುದನ್ನು ಕಾನೂನಿನ ಭಾಷೆಯಲ್ಲಿ ಇಷ್ಟು ಗಂಭೀರವಾಗಿ ಹೇಳಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಿವ್ವಳ ಶೂನ್ಯ ಎಂಬ ಮಾತು ನಮ್ಮ ಯಾವ ಕಾನೂನಿನಲ್ಲೂ ಇಲ್ಲ ಎನ್ನುವವರು 2023ರ ಅರಣ್ಯ ಸಂರಕ್ಷಣಾ ತಿದ್ದುಪಡಿ ಕಾಯ್ದೆಯನ್ನು ಓದಬೇಕು. ಪೀಠಿಕೆಯಲ್ಲೇ 2070ರ ಗುರಿ ಇದೆ. ಪೀಠಿಕೆ ದಾಟಿ ಕೆಳಗಿಳಿದರೆ, ದಾಖಲೆಯಲ್ಲಿ ಕಾಡೆಂದು ಬರೆಯದ ಕಾಡು ಕಾಯ್ದೆಯ ಹೊರಗೆ. ಗಡಿಯಿಂದ 100 ಕಿಲೋಮೀಟರ್ ಒಳಗಿನ ಆಯಕಟ್ಟಿನ ರಸ್ತೆ, ರೈಲು ಹಾದಿಗೆ ವಿನಾಯಿತಿ. ಮೃಗಾಲಯಕ್ಕೂ ಸಫಾರಿಗೂ ವಿನಾಯಿತಿ. ಈ ಮಸೂದೆಯನ್ನು ಸಂಸತ್ತಿನ ಜಂಟಿ ಸಮಿತಿಗೆ ಕಳಿಸಿದ್ದರು. ಸಾವಿರಕ್ಕೂ ಹೆಚ್ಚು ಮನವಿಗಳು ಬಂದವು. ಸಮಿತಿ ಎಲ್ಲವನ್ನೂ ಓದಿ, ಒಂದು ಅಕ್ಷರವನ್ನೂ ಬದಲಿಸದೆ ಮಸೂದೆಯನ್ನು ಹಿಂದಿರುಗಿಸಿತು. ಕರಡು ಬರೆದವರ ಕೈಬರಹ ಅಷ್ಟು ಚೆನ್ನಾಗಿತ್ತು. ಈ ವಿದ್ಯೆಯಲ್ಲಿ ಕರ್ನಾಟಕ ಒಂದು ಹೆಜ್ಜೆ ಮುಂದೆಯೇ ಇತ್ತೆಂಬ ಹೆಮ್ಮೆಯನ್ನೂ ಇಲ್ಲಿ ದಾಖಲಿಸಬೇಕು. 2022ರಲ್ಲೇ ನಮ್ಮ ಡೀಮ್ಡ್ ಅರಣ್ಯ, ಅಂದರೆ ಅಧಿಸೂಚನೆ ಇಲ್ಲದಿದ್ದರೂ ಕಾಡೆಂದೇ ಪರಿಗಣಿಸಿದ ನೆಲ, ಹತ್ತಿರ ಹತ್ತಿರ 10 ಲಕ್ಷ ಹೆಕ್ಟೇರಿನಿಂದ 3.3 ಲಕ್ಷಕ್ಕೆ ಇಳಿಯಿತು, ಕೊಡಲಿಯ ಸದ್ದೇ ಇಲ್ಲದೆ, ಸರ್ಕಾರಿ ಕಾಗದದ ಮೇಲೆ.

ಇನ್ನು ಹವಾಮಾನ ನ್ಯಾಯ. ಇದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. 2015ರ ನವೆಂಬರ್ 30ರಂದು ಪ್ಯಾರಿಸ್‌ನಲ್ಲಿ ಪ್ರಧಾನಿಗಳು ಹವಾಮಾನ ನ್ಯಾಯದ ಹೆಸರೆತ್ತಿಯೇ ಮಾತಾಡಿದರು: ಉಳಿದಿರುವ ಇಷ್ಟು ಇಂಗಾಲದ ಜಾಗದಲ್ಲಿ ಬಡ ದೇಶಗಳಿಗೂ ಬೆಳೆಯಲು ಎಡೆ ಬೇಕು. ಇದು ನ್ಯಾಯವಾದ ಮಾತೇ. ಅಮೆರಿಕದವನೊಬ್ಬ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ, ನಮ್ಮವನದು ಹೆಚ್ಚುಕಡಿಮೆ 2 ಟನ್. ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ‘ಹವಾಮಾನ ನ್ಯಾಯ’ ಬಂದೇ ಬಂತು, ಉದ್ಧರಣ ಚಿಹ್ನೆಯೊಳಗೆ, ಅದೂ ‘ಕೆಲವರಿಗೆ’ ಮುಖ್ಯವಾದ ಒಂದು ಪರಿಕಲ್ಪನೆ ಎಂಬ ಒಕ್ಕಣೆಯೊಂದಿಗೆ. ಮದುವೆ ಲಗ್ನಪತ್ರಿಕೆಯ ಮೂಲೆಯಲ್ಲಿ ಬಂಧುಗಳ ಹೆಸರು ಹಾಕುವ ಹದ ಆ ಸಂಧಾನಕಾರರಿಗೆ ಚೆನ್ನಾಗಿ ಗೊತ್ತು. 2024ರಲ್ಲಿ ಬಾಕುವಿನ ಶೃಂಗಸಭೆಯಲ್ಲಿ ಬಡ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದವು. 2035ರ ಹೊತ್ತಿಗೆ 30 ಸಾವಿರ ಕೋಟಿ ಆಗಲಿ ಎಂದು ಸುತ್ತಿಗೆ ಬಡಿದು ಮುಗಿಸಿದರು. ಭಾರತದ ಪ್ರತಿನಿಧಿ ಎದ್ದು ನಿಂತು ಇದು ಬರೀ ಕಣ್ಕಟ್ಟು ಎಂದು ಸಿಟ್ಟಾದರು. ಚಪ್ಪಾಳೆ ಬಿತ್ತು. ನಾನೂ ಮನೆಯಲ್ಲೇ ಚಪ್ಪಾಳೆ ತಟ್ಟಿದೆ.

ಆದರೆ ಆ 2 ಟನ್ನಿನ ಸರಾಸರಿಯನ್ನು ಅಷ್ಟು ಕೆಳಗೆ ಹಿಡಿದಿಟ್ಟವರು ಯಾರು? ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೂರು ಏಸಿ, ಎರಡು ಕಾರು ಇಟ್ಟುಕೊಂಡ ನನ್ನಂಥವರ ಪರಿಚಯಸ್ಥರಂತೂ ಅಲ್ಲ. ಅದನ್ನು ಕಂಡುಹಿಡಿಯಲೆಂದೇ ಪಾವಗಡಕ್ಕೆ ಹೋದೆ. ತಿರುಮಣಿ, ವಳ್ಳೂರು, ಬಳಸಮುದ್ರ ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕು. ಕಣ್ಣು ಹಾಯುವಷ್ಟು ದೂರ ನೀಲಿ ಫಲಕಗಳು, ನಡುನಡುವೆ ತಂತಿ ಬೇಲಿ. ಜಮೀನಿದ್ದ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಣ ಶುರುವಾಯಿತು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಶೇಂಗಾ ಬಿತ್ತಿ ಮೋಡ ನೋಡುತ್ತ ಕೂರುವುದಕ್ಕಿಂತ ಇದು ಮೇಲೇ. ಪಹಣಿಯಲ್ಲಿ ಹೆಸರಿರಬೇಕು, ಅಷ್ಟೇ. ಆ ಶೇಂಗಾ ಕೀಳಲು ಬರುತ್ತಿದ್ದ ಕೂಲಿಯವರಿಗೆ ಪಹಣಿ ಇಲ್ಲ, ಕುರಿಯವರಿಗೂ ಇಲ್ಲ. ಬೇಲಿಯ ಪಕ್ಕ ಹುಣಸೆ ಮರದ ಕೆಳಗೆ ಕೂತಿದ್ದ ಒಬ್ಬರನ್ನು, ಈಗ ಕುರಿ ಎಲ್ಲಿ ಮೇಯಿಸ್ತೀರಿ ಯಜಮಾನ್ರೇ ಎಂದು ಕೇಳಿದೆ.

“ಹುಲ್ಲು ಬೇಲಿ ಒಳಗೈತೆ, ಕುರಿ ಬೇಲಿ ಹೊರಗವೆ. ಅವೆರಡೂ ಯಾವಾಗ ರಾಜಿ ಆಗ್ತಾವೋ ನೋಡ್ಬೇಕು ಸ್ವಾಮಿ,” ಎಂದರು. ಮೊದಲು ಎಷ್ಟು ಕುರಿ ಇದ್ದವು ಎಂದು ಕೇಳಿದ್ದಕ್ಕೆ ಬೀಡಿ ಆರಿಸಿ ಎದ್ದು ಹೋದರು.

ದೇಶಸೇವೆ ಎಂದರೆ ಇದು. ಮನೆಯಲ್ಲಿ ಒಂದು ಬಲ್ಬು, ಕಾಲಲ್ಲಿ ಎಕ್ಕಡ, ಪ್ರಯಾಣವೆಲ್ಲ ನಡಿಗೆ. ಇಂಥ ಕೋಟ್ಯಂತರ ಜನ ಕಷ್ಟಪಟ್ಟು ಸರಾಸರಿಯನ್ನು ಕೆಳಕ್ಕೆ ಜಗ್ಗಿ ಹಿಡಿದಿರುವುದರಿಂದಲೇ ನಮ್ಮ ಪ್ರತಿನಿಧಿಗಳು ಬಾಕುವಿನಲ್ಲಿ ಎದೆ ಸೆಟೆಸಿ ನಿಲ್ಲಬಲ್ಲರು. ಅವರ ಬಡತನವೇ ನಮ್ಮ ವಾದ. ಅದನ್ನು ಏಕಾಏಕಿ ನೀಗಿಸಿಬಿಟ್ಟರೆ ಮುಂದಿನ ಶೃಂಗಸಭೆಯಲ್ಲಿ ನಾವು ಏನು ಮಾತಾಡುವುದು? ಆ ಯಜಮಾನರ ವಾದದ ಮೇಲೆ ಹೊರಗಿನಿಂದ ಹಣ ಬಂದರೆ ಅದರಲ್ಲಿ ಅವರ ಪಾಲೆಷ್ಟು ಎಂದು ಕೇಳುವುದು ಮಾತ್ರ ದೇಶದ ಒಗ್ಗಟ್ಟಿಗೆ ಒಳ್ಳೆಯದಲ್ಲ.

ನ್ಯಾಯಾಲಯವೂ ಸುಮ್ಮನಿಲ್ಲ. ಎರೆಭೂತ ಎಂಬ ಹಕ್ಕಿಯೊಂದಿದೆ. ರಾಣೆಬೆನ್ನೂರಿನ ಬಯಲಲ್ಲಿ ಹಿಂದೆ ಕಾಣುತ್ತಿತ್ತು, ಈಗ ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ದೊಡ್ಡ ಮೈ, ಮುಂದಕ್ಕೆ ಸರಿಯಾಗಿ ಕಣ್ಣು ಕಾಣದು, ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತ್‌ಗಳ ಸುಮಾರು 99,000 ಚದರ ಕಿಲೋಮೀಟರ್‌ನಲ್ಲಿ ತಂತಿಗಳನ್ನು ನೆಲದಡಿ ಹೂಳಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಸೌರ ವಿದ್ಯುತ್ತಿಗೆ ತೊಡಕಾಗುತ್ತದೆ ಎಂದು ಸರ್ಕಾರ ಮತ್ತೆ ಕೋರ್ಟಿಗೆ ಹೋಯಿತು. 2024ರ ಮಾರ್ಚ್ 21ರಂದು ನ್ಯಾಯಾಲಯ ಆ ಆದೇಶವನ್ನು ಹಿಂದಕ್ಕೆ ಪಡೆದು ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಅದೇ ತೀರ್ಪಿನಲ್ಲಿ, ಹವಾಮಾನ ಬದಲಾವಣೆಯ ಕೆಡುಕುಗಳಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಪ್ರಜೆಗಳಿಗಿದೆ ಎಂದು ಸಾರಿತು. ಹಕ್ಕಿ ಹೂಡಿದ ದಾವೆಯಲ್ಲಿ ಮನುಷ್ಯರಿಗೆ ಡಿಕ್ರಿ! ಇಂಥ ಔದಾರ್ಯ ಯಾವ ದೇಶದ ಹಕ್ಕಿ ತೋರಿಸೀತು? ಹಕ್ಕು ಸಿಕ್ಕಿತು. ಯಾರ ಹತ್ತಿರ ಹೋಗಿ ವಸೂಲಿ ಮಾಡಿಕೊಳ್ಳುವುದು ಎಂಬುದಕ್ಕೆ ಕಾಯ್ದೆ ಬೇಕಿತ್ತು. ಅದು ಇಲ್ಲದಿರುವುದರ ಪ್ರಯೋಜನವನ್ನು ಆಗಲೇ ವಿವರಿಸಿದ್ದೇನೆ.

ಬಿಸಿಲಿನ ವಿಷಯದಲ್ಲಿ ನಮ್ಮ ನಿಯಮಗಳ ಖಚಿತತೆ ಇನ್ನೂ ಸೊಗಸು. 15ನೇ ಹಣಕಾಸು ಆಯೋಗದ ಕಾಲಕ್ಕೆ, ಅಂದರೆ 2021ರಿಂದ 26ರವರೆಗೆ, ವಿಪತ್ತು ಪರಿಹಾರಕ್ಕೆ ಅಧಿಸೂಚಿತವಾಗಿದ್ದ ವಿಪತ್ತುಗಳು 12. ಚಂಡಮಾರುತ, ಬರ, ಭೂಕಂಪ, ಪ್ರವಾಹ, ಸುನಾಮಿ, ಆಲಿಕಲ್ಲು, ಕೀಟಬಾಧೆ ಎಲ್ಲ ಇದ್ದವು. ಶೀತಗಾಳಿಯೂ ಇತ್ತು. ಬಿಸಿಗಾಳಿ ಇರಲಿಲ್ಲ. ಪಟ್ಟಿ ಹಿಗ್ಗಿಸುವ ಅಗತ್ಯ ಆಯೋಗಕ್ಕೆ ಕಾಣಲಿಲ್ಲ, ರಾಜ್ಯಗಳು ಬೇಕಾದರೆ ತಮ್ಮ ನಿಧಿಯ ಶೇ 10ರಷ್ಟರಲ್ಲಿ ನೋಡಿಕೊಳ್ಳಲಿ ಎಂದಾಯಿತು. ಆದ್ದರಿಂದ ಆ ಐದು ವರ್ಷ ಚಳಿಗೆ ಸತ್ತರೆ ಅದು ವಿಪತ್ತು, ಮನೆಯವರಿಗೆ 4 ಲಕ್ಷ ರೂಪಾಯಿ. ಬಿಸಿಲಿಗೆ ಸತ್ತರೆ ಅದು ಬೇಸಿಗೆ. ಕಲಬುರಗಿಯವರು ಸಾಯುವ ಮುನ್ನ ಇದನ್ನು ಸ್ವಲ್ಪ ಗಮನಿಸಬೇಕಿತ್ತು. ಬಿಸಿಲಿನ ಅರಿವು ಸರ್ಕಾರಕ್ಕೆ ಇಲ್ಲವೆಂದು ಮಾತ್ರ ಯಾರೂ ಅನ್ನಕೂಡದು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳ ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಗುತ್ತದೆ. ಒಂದೂವರೆಗೆ ಸಾಹೇಬರು ಬೀಗ ಹಾಕಿ ಮನೆಗೆ ಹೊರಟಾಗ, ಕಚೇರಿ ಮುಂದಿನ ರಸ್ತೆಗೆ ಕಾದ ಡಾಂಬರು ಸುರಿಯುತ್ತಿರುವ ಹೆಣ್ಣುಮಗಳು ಸೆರಗು ಬಾಯಿಗೆ ಕಟ್ಟಿಕೊಂಡು ಪಕ್ಕಕ್ಕೆ ಸರಿದು ಅವರ ಗಾಡಿಗೆ ದಾರಿ ಬಿಡುತ್ತಾಳೆ. ಆದೇಶದ ಕೊನೆಯಲ್ಲಿ ‘ಪ್ರತಿಗಳು’ ಎಂದು ಬರೆಯುವ ಪಟ್ಟಿಯಲ್ಲಿ ಅವಳ ಹೆಸರು ಇರುವುದಿಲ್ಲ.

ಇಷ್ಟೆಲ್ಲ ಸಾಧನೆಯಾದ ಮೇಲೂ ಹವಾಮಾನ ನ್ಯಾಯಕ್ಕೆ ಒಂದು ವ್ಯಾಖ್ಯೆ ಬೇಕೆಂದು ಕೆಲವರು ಹಟ ಹಿಡಿದಿದ್ದಾರೆ. ಅವರ ಬಾಯಿ ಮುಚ್ಚಿಸುವ ಸಲುವಾಗಿ, ಇಲ್ಲದ ಕಾಯ್ದೆಯ 2ನೇ ಪ್ರಕರಣಕ್ಕೆ ನಾನೇ ಒಂದು ತಿದ್ದುಪಡಿ ಬರೆದಿದ್ದೇನೆ. ಈಗ ನಡೆದಿರುವುದನ್ನು ಯಥಾವತ್ತಾಗಿ ದಾಖಲಿಸಿದ್ದೇನೆಯೇ ಹೊರತು ಹೊಸತೇನನ್ನೂ ಸೇರಿಸಿಲ್ಲ:

“ಈ ಅಧಿನಿಯಮದಲ್ಲಿ, ಸಂದರ್ಭವು ಅನ್ಯಥಾ ಅಗತ್ಯಪಡಿಸಿದ ಹೊರತು, ‘ಹವಾಮಾನ ನ್ಯಾಯ’ ಎಂದರೆ ಅನ್ಯ ದೇಶಗಳು ಈ ದೇಶಕ್ಕೆ ಸಲ್ಲಿಸಬೇಕಾದ ಬಾಕಿ. ಪರಂತು, ಈ ದೇಶದೊಳಗೆ ಒಬ್ಬರು ಮತ್ತೊಬ್ಬರಿಗೆ ಸಲ್ಲಿಸಬೇಕಾದ ಬಾಕಿಯು ಅದರಲ್ಲಿ ಒಳಗೊಳ್ಳತಕ್ಕದ್ದಲ್ಲ. ವಿವರಣೆ: ‘ಬಾಧಿತ ವ್ಯಕ್ತಿ’ ಎಂದರೆ ಪಹಣಿಯುಳ್ಳ ವ್ಯಕ್ತಿ, ‘ಬಿಸಿಲು’ ಎಂಬುದು ಸ್ಥಳದ ಗುಣವೇ ಹೊರತು ವಿಪತ್ತಲ್ಲ, ‘ಬರುವ ಪೀಳಿಗೆ’ ಎಂದರೆ ಇನ್ನೂ ಅರ್ಜಿ ಹಾಕದಿರುವ ಪೀಳಿಗೆ.”

ಆಕ್ಷೇಪಣೆಗಳಿದ್ದರೆ 60 ದಿನದೊಳಗೆ ಸಲ್ಲಿಸಬಹುದು. ಕರಡು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. 2020ರ ಪರಿಸರ ಪರಿಣಾಮ ಅಂದಾಜಿನ ಕರಡು ಹೀಗೇ ಬಂದಾಗ ದೆಹಲಿ ಹೈಕೋರ್ಟು 22 ಭಾಷೆಗಳಿಗೂ ಅನುವಾದಿಸಿ ಎಂದಿತ್ತು, ಕೇಂದ್ರ ಸರ್ಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಪೂರ್ವನಿದರ್ಶನದಂತೆ, ಕನ್ನಡದಲ್ಲಿ ಓದಬೇಕೆನ್ನುವ ಪಾವಗಡ, ಸಿರುಗುಪ್ಪ, ಕಲಬುರಗಿಯವರು ಮೊದಲು ದೆಹಲಿಗೆ ಹೋಗಿ ಒಂದು ರಿಟ್ ಅರ್ಜಿ ಹಾಕಿ ಬರತಕ್ಕದ್ದು. ಹೋಗಿಬರುವ ದಿನಗಳೂ ಆ 60ರಲ್ಲೇ ಸೇರಿವೆ.