ಹನ್ನೊಂದನೇ ಕಾಲಂ ಇಲ್ಲದ ಡಿಗ್ರಿ

(ಗಜೇಂದ್ರಗಡ ತಾಲೂಕಿನ ಮುಶಿಗೇರಿಯ ನಾಲ್ಕೆಕರೆ ಎರೆ ಹೊಲವೊಂದರ ಪಹಣಿ ಇದು. ಕಚೇರಿಯಲ್ಲಿ ಪಹಣಿ, ಊರಲ್ಲಿ ಉತಾರ. ಬರ, ಬೆಳೆಸಾಲ, ಸಾಲಮನ್ನಾ ಎಲ್ಲವನ್ನೂ ಮೈಮೇಲೆ ಬರೆಸಿಕೊಂಡ ಈ ಹಿರಿಯ ಕಾಗದಕ್ಕೆ ಈ ವರ್ಷ ಹೊಸ ಕೆಲಸ ಬಂದಿದೆ. ಮನೆಯ ಮಗಳು ಪಿಯುಸಿ ಸೈನ್ಸ್ ಮುಗಿಸಿ ಬಿ.ಎಸ್ಸಿ. ಡಯಾಲಿಸಿಸ್ ಟೆಕ್ನಾಲಜಿಗೆ ಸೇರುತ್ತಿದ್ದಾಳೆ. ಸಾಲದ ಕಡತಕ್ಕೆ ಹೊರಟ ಉತಾರ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡಿಗೂ ಅಂಕಪಟ್ಟಿಗೂ ನಡುವೆ ಒತ್ತಿಕೊಂಡು ಕೂತಿದ್ದಾಗ ಮಾತಿಗೆ ಸಿಕ್ಕಿತು.)

ಹೇಗಿದ್ದೀರಿ?

ಉತಾರ: ಹೆಂಗಿರಬೇಕ್ರಿ? ಒಂಬತ್ತನೇ ಕಾಲಮ್ಮಿನ್ಯಾಗ ಮಾಲಕನ ಹೆಸರು, ಹನ್ನೊಂದನೇ ಕಾಲಮ್ಮಿನ್ಯಾಗ ಸೊಸಾಯಿಟಿ ಸಾಲದ ಬೋಜಾ. ಇಬ್ಬರಾಗ ಹೊಲದ ಖರೇ ಮಾಲಕ ಯಾರು ಅಂತ ಮಾತ್ರ ಕೇಳಬ್ಯಾಡ್ರಿ.

ಓದಿನ ಸಾಲಕ್ಕೆ ಹೊಲದ ಕಾಗದವೇಕೆ?

ಉತಾರ: ಅದ ನನಗೂ ತಿಳಿವಲ್ದು. ಬ್ಯಾಂಕುಗಳ ಸಂಘದ ಮಾದರಿ ಯೋಜನಾ ಪ್ರಕಾರ 4 ಲಕ್ಷದ ತನಕ ಜಾಮೀನು ಬೇಕಾಗಿಲ್ಲ. 7.5 ಲಕ್ಷದ ತನಕ ಸರ್ಕಾರದ ಸಾಲ ಖಾತರಿ ನಿಧಿ ಐತಿ, ಆಸ್ತಿ ಅಡವು ಕೇಳಂಗಿಲ್ಲ. ಇದನ್ನೆಲ್ಲಾ ಓದಿಕೊಂಡ ಬ್ಯಾಂಕಿನ ಸಾಹೇಬರು ಕನ್ನಡಕ ತಗದು, ‘ಇರ್ಲಿ, ಸುಮ್ನ ಒಂದು ಉತಾರ ಇಡ್ರಿ’ ಅಂದ್ರಂತ. ಸುಮ್ನ ಹೋದ ಉತಾರ ಸುಮ್ನ ತಿರುಗಿ ಬಂದದ್ದು ನಾನಂತೂ ಕಂಡಿಲ್ಲ.

ಸಾಲ ಎಷ್ಟಾಗಬಹುದು?

ಉತಾರ: ಲೆಕ್ಕಕ್ಕ ವರ್ಷಕ್ಕ 1 ಲಕ್ಷ ಹಿಡೀರಿ. ಕೋರ್ಸು 3 ವರ್ಷ, ಮ್ಯಾಲ 1 ವರ್ಷ ಇಂಟರ್ನ್‌ಶಿಪ್. ಒಟ್ಟು 4 ಲಕ್ಷ. ಓದು ಮುಗಿದ ಮ್ಯಾಲೂ ಒಂದು ವರ್ಷ ಕಂತು ಕೇಳಂಗಿಲ್ಲ. ಆದ್ರ ಬಡ್ಡಿಗೆ ಸೂಟಿ ಇಲ್ರಿ. ವರ್ಷಕ್ಕ ನೂರಕ್ಕ 10ರ ಬಡ್ಡಿ ಹಿಡಿದ್ರ, ಮೊದಲನೇ ವರ್ಷ ತಗೊಂಡ ಲಕ್ಷಕ್ಕ 5 ವರ್ಷದ್ದು, ಎರಡನೇದ್ದಕ್ಕ 4, ಮೂರನೇದ್ದಕ್ಕ 3, ನಾಕನೇದ್ದಕ್ಕ 2. ಕೂಡಸ್ರಿ: 1 ಲಕ್ಷ 40 ಸಾವಿರ. ಹುಡುಗಿ ಇನ್ನೂ ಒಂದು ಕಂತು ಕಟ್ಟಿಲ್ಲ, ಆಗಲೇ ಸಾಲ 5 ಲಕ್ಷ 40 ಸಾವಿರ. 10 ವರ್ಷದಾಗ ತೀರಸ್ತೀನಂದ್ರ ತಿಂಗಳ ಕಂತು 7,100ರ ಮ್ಯಾಲ.

ದುಡಿಮೆ?

ಉತಾರ: ಕೆಲಸ ಸಿಕ್ಕ ಹೊಸದಾಗಿ 15 ಸಾವಿರ ಪಗಾರ ಅಂತ ಹಿಡಿಯೋಣು. ಹುಬ್ಬಳ್ಳ್ಯಾಗ ರೂಮು, ಊಟಕ್ಕ 8 ಸಾವಿರ ತಗೀರಿ. ಉಳಿದದ್ದು 7 ಸಾವಿರ. ಕಂತಿಗೆ ನೂರು ಚಿಲ್ರೆ ಕಮ್ಮಿ ಬೀಳತೈತಿ. ಊರಿಗೆ ಬರಾಕ ಶಕ್ತಿ ಯೋಜನಾದ ಬಸ್ಸು ಐತಿ, ಅದೊಂದು ಪುಣ್ಯ. ಬರೂಮುಂದ ಅವ್ವಗ ಒಂದು ಸೀರಿ ತರಬೇಕಂದ್ರ ಮತ್ತ ನನ್ನ ಕರೀಬೇಕು.

ಅವಧಿ ಹೆಚ್ಚಿಸಿಕೊಂಡರೆ?

ಉತಾರ: 15 ವರ್ಷ ಮಾಡ್ರಿ. ಕಂತು 5,800ಕ್ಕ ಇಳೀತೈತಿ, ಕಟ್ಟೋ ಒಟ್ಟು ರೊಕ್ಕ 10 ಲಕ್ಷ ದಾಟತೈತಿ. ಹದಿನೆಂಟಕ್ಕ ಸಾಲ ತಗೊಂಡ ಹುಡುಗಿ ಮೂವತ್ತೆಂಟಕ್ಕ ಸಾಲದಿಂದ ಹೊರಗ ಬರ್ತಾಳ. ಅಷ್ಟೊತ್ತಿಗೆ ಆಕಿ ಮಗಳು ಶಾಲಿ ಫೀಯಿನ ಚೀಟಿ ಹಿಡಕೊಂಡು ಬಾಗಿಲದಾಗ ನಿಂತಿರ್ತಾಳ.

ಸರ್ಕಾರದ ರಿಯಾಯಿತಿಗಳಿವೆಯಲ್ಲ?

ಉತಾರ: ಅದಾವ್ರಿ, ಯಾರು ಇಲ್ಲ ಅಂದ್ರು? ಮನಿ ವರಮಾನ ವರ್ಷಕ್ಕ 4.5 ಲಕ್ಷದ ಒಳಗಿದ್ರ ಓದು ಮತ್ತ ಮುಂದಿನ ಒಂದು ವರ್ಷದ ಬಡ್ಡಿ ಕೇಂದ್ರ ಸರ್ಕಾರನ ಕಟ್ಟತೈತಿ. ನಮ್ಮ ಲೆಕ್ಕದಾಗಿನ 1 ಲಕ್ಷ 40 ಸಾವಿರ ಪೂರಾ ಮಾಯ. ಕಂತು 5,300ಕ್ಕ ಬರತೈತಿ. ಆದ್ರ ಕಾಲೇಜಿಗೆ ನ್ಯಾಕ್ ಮಾನ್ಯತೆ, ಇಲ್ಲಾ ಅಂಥಾದ್ದೊಂದು ಮಾನ್ಯತೆ ಇರಬೇಕು. ಅಪ್ಪ ಕಾಲೇಜಿನ ಕಟ್ಟಡ ಎಷ್ಟು ಮಾಳಿಗಿ ಅಂತ ಎಣಿಸಿ ಬಂದ. ನ್ಯಾಕ್ ಐತೇನು ಅಂತ ಕೇಳಲಿಲ್ಲ.

ಇನ್ನೊಂದು ಭಾರಿ ಸವಲತ್ತು, ಆದಾಯ ತೆರಿಗಿದ್ದು. ಕಟ್ಟಿದ ಬಡ್ಡಿಗೆ ತೆರಿಗಿ ವಿನಾಯಿತಿ. ತಿಂಗಳಾ 15 ಸಾವಿರ ದುಡಿಯಾಕಿಗೆ ತೆರಿಗೀನ ಇಲ್ಲ, ವಿನಾಯಿತಿ ಎಲ್ಲಿ ಹಚ್ಚಬೇಕ್ರಿ? ಬರಗಾಲದಾಗ ಛತ್ರಿ ಹಂಚಿದಂಗಾತು.

ನಿಮಗೆ ಬೆಳೆಸಾಲದ ಅನುಭವವಿದೆ. ಎರಡಕ್ಕೂ ಏನು ವ್ಯತ್ಯಾಸ?

ಉತಾರ: ಈಗ ಕೇಳಿದ್ರಿ ನೋಡ್ರಿ ಮಾತು! ನಮ್ಮ ಗದಗ ಸೀಮಿಗೆ ಸಾಲದ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಸಾವಕಾರನ ಬಡ್ಡಿಗೆ ಬೇಸತ್ತು ಕಣಗಿನಹಾಳದಾಗ 1905ರಾಗ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಾಗ ಮೊದಲನೇ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ರು. ಅಲ್ಲಿಂದ ನಡಕೋಂತ ಬಂದು ಇವತ್ತು ಸೊಸಾಯಿಟ್ಯಾಗ 5 ಲಕ್ಷದ ತನಕ ಬೆಳಿಸಾಲಕ್ಕ ಬಡ್ಡಿ ಶೂನ್ಯ. ಅಂದ್ರ ಏನಾತು? ನಾಲ್ಕೆಕರೆದಾಗ ಕಡ್ಲಿ ಬಿತ್ತತೀನಂದ್ರ ಬಡ್ಡಿ ಇಲ್ಲ. ಮಗಳನ್ನ ಓದಸ್ತೀನಂದ್ರ ನೂರಕ್ಕ 10.

ಅಷ್ಟ ಅಲ್ರಿ. ಹೆಸರು ಕಾಳಿಗೆ 2025-26ಕ್ಕ ಕ್ವಿಂಟಲಿಗೆ 8,768 ರೂಪಾಯಿ ಬೆಂಬಲ ಬೆಲಿ ಸಾರಿದ್ರು. ಕೈಗೆ ಬರತೈತೋ ಇಲ್ಲೋ ಆಮ್ಯಾಲಿನ ಮಾತು, ಒಂದು ಅಂಕಿ ಅಂತೂ ಐತಿ. ಡಯಾಲಿಸಿಸ್ ಟೆಕ್ನಿಶಿಯನ್‌ಗೆ ಬೆಂಬಲ ಪಗಾರ ಸಾರಿದ್ದು ಕೇಳೀರೇನು? ಮಳಿ ಕೈಕೊಟ್ರ ಫಸಲ್ ಬಿಮಾ ಐತಿ. ಆಸ್ಪತ್ರಿ ಗುತ್ತಿಗಿ ಮುಗದು ಕೆಲಸ ಹೋದ್ರ ಯಾವ ಬಿಮಾ? 2017ರಾಗ, 2018ರಾಗ ಬೆಳಿಸಾಲ ಮನ್ನಾ ಆತು, ನನ್ನ ಹನ್ನೊಂದನೇ ಕಾಲಂ ಸ್ವಲ್ಪ ಉಸಿರಾಡಿತು. ಓದಿನ ಸಾಲಕ್ಕ ಅಂಥಾ ಹಬ್ಬ ನಾ ಕಂಡಿಲ್ಲ.

ಈ ವೃತ್ತಿಗಳಿಗೆ ಈಗ ಕಾನೂನು ಬಂದಿದೆಯಲ್ಲ?

ಉತಾರ: ಬಂದೈತ್ರಿ, ಸಾವಕಾಶ ಬಂದೈತಿ. ನರ್ಸುಗಳಿಗೆ 1947ರಾಗ ಕಾಯ್ದೆ ಆತು, ಔಷಧ ಅಂಗಡಿಯವರಿಗೆ 1948ರಾಗ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಫಿಸಿಯೋಥೆರಪಿಯವರಿಗೆಲ್ಲಾ ಸೇರಿ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದದ್ದು 2021ರಾಗ. ಟೆಕ್ನಿಶಿಯನ್, ಟೆಕ್ನಾಲಜಿಸ್ಟ್ ಆಗೋರು, ಡಿಪ್ಲೊಮಾ ಇರಲಿ ಡಿಗ್ರಿ ಇರಲಿ, ಕಮ್ಮಿ ಅಂದ್ರ 2,000 ತಾಸು ಕಲೀಬೇಕು, ಥೆರಪಿಸ್ಟ್‌ನಂಥಾ ಡಿಗ್ರಿಯವರು 3,600 ತಾಸು ಅಂತ ಬರದಾರ. ಎಷ್ಟು ತಾಸು ಕಲೀಬೇಕು ಅನ್ನೋದು ಕಾಯ್ದೆದಾಗ ಐತಿ. ತಾಸಿಗೆ ಎಷ್ಟು ಕೊಡಬೇಕು ಅನ್ನೋದು ಇಲ್ಲ.

ಹಾಗಾದರೆ ಓದುವುದೇ ಬೇಡ ಅನ್ನುತ್ತೀರಾ?

ಉತಾರ: ಥೂ, ನಾ ಹಂಗಂದ್ನೇನು? ಕಿಡ್ನಿ ಹೋದ ಮನಶ್ಯಾ ವಾರಕ್ಕ ಮೂರು ಸಲ, ಸಲಕ್ಕ ನಾಲ್ಕು ತಾಸು ಮಷೀನಿಗೆ ಮೈ ಒಪ್ಪಸ್ಕೊಂಡು ಮಲಗತಾನ. ಆ ನಾಲ್ಕು ತಾಸು ಅವನ ಬಲಕ್ಕ ನಿಂತಿರಾಕಿ ಇಂಥಾಕಿನ. ಡಾಕ್ಟರು ಬಂದು ಹೋಗತಾರ, ಈಕಿ ಇರತಾಳ. ತಾಲೂಕು ಆಸ್ಪತ್ರೆಗಳ ಡಯಾಲಿಸಿಸ್ ಘಟಕ ಏಜೆನ್ಸಿ ಕೈಗೆ ಕೊಟ್ಟು, ಪಗಾರ ಬರಲಿಲ್ಲ ಅಂತ ಇವರು ಮುಷ್ಕರ ಕೂತಾಗ ರೋಗಿಗಳು ಕಂಗಾಲಾದದ್ದು ಪೇಪರಿನ್ಯಾಗ ಬಂದಿತ್ತಲ್ಲ. ಬೇಡಿಕಿ ಇಲ್ಲದ ಕೆಲಸ ಅಲ್ರಿ ಇದು, ಬೆಲಿ ಕಟ್ಟದ ಕೆಲಸ.

ನನ್ನ ನಂಬಿ ಕೂಡ್ರಿ ಅಂತನೂ ಹೇಳಾಕ ಬರಂಗಿಲ್ಲ. ನಾ ಮಳಿ ನಂಬಿದಾಂವ. ಆಕಿಗೆ ತಿಂಗಳಾ ಪಗಾರ ಬಂದ್ರ, ಅದು ನನ್ನ ಹಿಂಗಾರಿಗಿಂತ ಗಟ್ಟಿ.

ಮತ್ತೆ ತೂಗುವುದು ಹೇಗೆ?

ಉತಾರ: ಬಿತ್ತೋದಕ್ಕಿಂತ ಮೊದಲು ಪ್ಯಾಟಿ ಧಾರಣಿ ಕೇಳತೀರಿ. ಕಾಲೇಜಿಗೆ ಹೋದ್ರ ಫೀ ಎಷ್ಟು ಅಂತ ಅಷ್ಟ ಕೇಳಿ ಬರ್ತೀರಿ. ಹೋದ ವರ್ಷ ಪಾಸಾದ ಹುಡುಗರು ಎಲ್ಲಿ ಅದಾರ, ಕೈಗೆ ಎಷ್ಟು ಬರತೈತಿ ಅಂತ ಕೇಳ್ರಿ. ಕಾಲೇಜಿನವರ ಬಾಯಿಂದ ಬ್ಯಾಡ, ಆ ಹುಡುಗರ ಬಾಯಿಂದ. ಇಂಟರ್ನ್‌ಶಿಪ್ಪಿಗೆ ಸ್ಟೈಪೆಂಡ್ ಐತೋ, ಇಲ್ಲಾ ಒಂದು ವರ್ಷ ಪುಕ್ಕಟೆ ದುಡಿತವೋ? ಸರ್ಕಾರಿ ಸೀಟಿಗೆ ನಂಬರ್ ಹತ್ತತೈತೇನು? ಸರ್ಕಾರದ ಅಭಿವೃದ್ಧಿ ನಿಗಮಗಳ ‘ಅರಿವು’ ಓದಿನ ಸಾಲದ ಪಟ್ಟಿಯಾಗ ನಿಮ್ಮ ಕೋರ್ಸು ಐತೇನು? ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಪಿಯುಸಿ ಸೈನ್ಸ್ ಆದವರಿಗೆ 2 ವರ್ಷ. ಅದನ್ನ ಮುಗಿಸಿದವರಿಗೂ ಡಿಗ್ರಿಯವರಿಗೂ ಅದ ಆಸ್ಪತ್ರ್ಯಾಗ ಪಗಾರದಾಗ ಎಷ್ಟು ಫರಕ?

ನನ್ನದೊಂದು ಹಳೇ ಅಳತಿ ಐತಿ: ಕಂತು ಪಗಾರದ ಕಾಲುಭಾಗ ದಾಟಬಾರದು. 15 ಸಾವಿರಕ್ಕ ಕಾಲುಭಾಗ 3,750. 10ರ ಬಡ್ಡಿ, 10 ವರ್ಷದ ಲೆಕ್ಕ ಹಾಕಿದ್ರ, ಓದಿಗೆ ತಗೊಳ್ಳೋ ಸಾಲ 2 ಲಕ್ಷದ ಆಸುಪಾಸು ನಿಲ್ಲಬೇಕು. 4 ಲಕ್ಷ ಅಂದ್ರ ಉಳಿದ 2 ಲಕ್ಷ ನಾ ಹೊರಬೇಕು, ಬಾಯಿಲೆ ಹೇಳದಿದ್ರೂ.

ವಿದೇಶಕ್ಕೆ ಹೋದರೆ ಎಲ್ಲ ತೀರುತ್ತದೆ ಅನ್ನುತ್ತಾರೆ.

ಉತಾರ: ಅಂತಾರ. ಇದರ ಬಾಜೂಕಿನ ಫಿಸಿಯೋಥೆರಪಿನ ನೋಡ್ರಿ, ಅಮೆರಿಕಾದಾಗ ಅದಕ್ಕ ಅಲ್ಲಿಯವರಿಗೇ ಈಗ ಡಾಕ್ಟರೇಟ್ ಓದು ಬೇಕು, ಅದಕ್ಕ ಅವರೂ ಸಾಲ ಮಾಡತಾರ. ಅಲ್ಲಿನೂ ಒಂದು ಹನ್ನೊಂದನೇ ಕಾಲಂ ಇರಬೇಕು, ಡಾಲರಿನ್ಯಾಗ.

ನಾಲ್ಕು ವರ್ಷ ಕಳೆದು ಮನೆಗೆ ಡಿಗ್ರಿ ಸರ್ಟಿಫಿಕೇಟು ಬರುತ್ತದೆ. ಅದನ್ನು ಹೇಗೆ ಸ್ವಾಗತಿಸುತ್ತೀರಿ?

ಉತಾರ: ಅದಕ್ಕ ಗಾಜಿನ ಚೌಕಟ್ಟು, ನನಗ ತಗಡಿನ ಟ್ರಂಕು. ಹೊಟ್ಟೆಕಿಚ್ಚಲ್ರಿ. ನನ್ನ ಮೈಮ್ಯಾಲ ಹೊಲ ಎಷ್ಟು, ಬೆಳಿ ಏನು, ಸಾಲ ಯಾರದ್ದು, ಎಲ್ಲಾ ಒಂದ ಹಾಳ್ಯಾಗ ಐತಿ. ಓದಿದಾಂವಗ ಮೋಸ ಇಲ್ಲ. ಸರ್ಟಿಫಿಕೇಟಿನ್ಯಾಗ ವಿಶ್ವವಿದ್ಯಾಲಯದ ಮುದ್ರಿ ಐತಿ, ಕ್ಲಾಸು ಐತಿ. ಇದರ ಮ್ಯಾಲ ಎಷ್ಟು ಬೋಜಾ ಐತಿ, ಇದು ತಿಂಗಳಿಗೆ ಎಷ್ಟು ಬೆಳೀತೈತಿ ಅನ್ನೋ ಕಾಲಂ ಇಲ್ಲ. ಆ ಎರಡು ಕಾಲಂ ಪ್ರವೇಶದ ಅರ್ಜಿಯೊಳಗ ಅಚ್ಚು ಹಾಕಿದ್ರ, ಎಷ್ಟೋ ಕಾಲೇಜಿನ ಮುಂದ ಪಾಳಿ ಸಣ್ಣದಾಗತಿತ್ತು.

ಕೊನೆಯ ಮಾತು?

ಉತಾರ: ನನ್ನ ತಲಿ ಮ್ಯಾಲ ನೋಡ್ರಿ, ‘ನಮೂನೆ 16’ ಅಂತ ಐತಿ. ಪಗಾರದಾಗ ತೆರಿಗಿ ಹಿಡಿದವರಿಗೆ ಕೊಡೋ ಕಾಗದಕ್ಕೂ ಮಂದಿ ಫಾರಂ 16 ಅಂತಾರ. ಹುಡುಗಿಗೆ ತನ್ನದೊಂದು 16 ಸಿಕ್ಕ ದಿವಸ ಈ 16ಕ್ಕ ಬಿಡುಗಡಿ. 15 ಸಾವಿರಕ್ಕ ತೆರಿಗಿ ಇಲ್ಲ, ತೆರಿಗಿ ಇಲ್ಲಂದ್ರ ಆ ಕಾಗದಾ ಇಲ್ಲ. ಅಲ್ಲೀತನಕ ನಾನ. ಸರೀರಿ ಇನ್ನ, ಸಾಹೇಬರು ಮೂರು ಜೆರಾಕ್ಸ್ ಕೇಳಾಕತ್ತಾರ. ಸುಮ್ನ.