ಒಲೆಯ ಮುಂದೆ ತಕ್ಕಡಿ ಹಿಡಿದು ನಿಂತವರಿಗೆ

ಮಾನ್ಯ ರಸಾಯನವಿಜ್ಞಾನಿ ಎರ್ವೆ ತಿಸ್ ಅವರಿಗೆ,
ಪ್ಯಾರಿಸ್.

ನೀವು ನನ್ನನ್ನು ಬಲ್ಲವರಲ್ಲ. ‘ಹಾಗೆಲ್ಲ ಮಾಡಬಾರದು, ಹಿರಿಯರು ಹೇಳಿದ್ದಾರೆ’ ಎಂಬ ಒಂದೇ ಮಾತಿನ ಬಲದ ಮೇಲೆ ತಲೆಮಾರುಗಳಿಂದ ಅಡುಗೆಮನೆ ಆಳಿಕೊಂಡು ಬಂದವರ ಪರವಾಗಿ ಈ ಕಾಗದ ಬರೆಯುತ್ತಿದ್ದೇನೆ. ನಿಮ್ಮ ದೆಸೆಯಿಂದ ನಮ್ಮ ಗಾದಿಗೆ ಸಂಚಕಾರ ಬಂದಿದೆ.

ಇದೆಲ್ಲ ಶುರುವಾದದ್ದು 1980ರ ಮಾರ್ಚ್ ತಿಂಗಳ ಒಂದು ಭಾನುವಾರ ಎಂದು ನೀವೇ ಹೇಳಿಕೊಂಡು ಬಂದಿದ್ದೀರಿ. ರೋಕ್‌ಫೋರ್ ಚೀಸಿನ ಸೂಫ್ಲೆ ಎಂಬ ಮೊಟ್ಟೆಯ ಉಬ್ಬು ತಿಂಡಿ ಮಾಡಲು ಹೊರಟಿದ್ದಿರಿ. ಮೊಟ್ಟೆಯ ಹಳದಿಯನ್ನು ಎರಡೆರಡಾಗಿ ಹಾಕಬೇಕು ಎಂದು ರೆಸಿಪಿಯಲ್ಲಿತ್ತು. ಯಾಕೆ ಎಂದು ಇರಲಿಲ್ಲ. ಕಾರಣವಿಲ್ಲದ ಮಾತು ಯಾಕೆ ಕೇಳಬೇಕೆಂದು ಅಷ್ಟನ್ನೂ ಒಟ್ಟಿಗೆ ಸುರಿದಿರಿ. ಸೂಫ್ಲೆ ಕೆಟ್ಟಿತು. ಮರ್ಯಾದಸ್ಥರು ಇಂಥ ಹೊತ್ತಿನಲ್ಲಿ ‘ದೊಡ್ಡವರು ಸುಮ್ಮನೆ ಹೇಳ್ತಾರಾ’ ಎಂದು ಗಲ್ಲ ಬಡಿದುಕೊಂಡು ತೆಪ್ಪಗಾಗುತ್ತಾರೆ. ನೀವು ಅಂಥ ಅಡುಗೆಮಾತುಗಳನ್ನೆಲ್ಲ ಬರೆದಿಟ್ಟುಕೊಳ್ಳತೊಡಗಿದಿರಿ. ಈಗ ಆ ಪಟ್ಟಿ 25,000 ದಾಟಿದೆಯಂತೆ. ಬರೆದಿಟ್ಟು ಅರಿಶಿನ ಕುಂಕುಮ ಹಚ್ಚಿದ್ದರೆ ನಮ್ಮದೇನೂ ತಕರಾರಿರಲಿಲ್ಲ. ಒಂದೊಂದನ್ನೇ ಪರೀಕ್ಷೆಗೆ ಹಚ್ಚಿದಿರಿ ನೋಡಿ, ಅಲ್ಲಿ ಕೆಟ್ಟಿತು.

ನಿಮಗೆ ಜೊತೆಯಾದವರೂ ಸರಿಯಾದವರೇ. ಆಕ್ಸ್‌ಫರ್ಡಿನ ನಿಕೋಲಾಸ್ ಕುರ್ಟಿ ವಸ್ತುಗಳನ್ನು ಪರಮಶೂನ್ಯ ತಾಪದ ಹತ್ತಿರಕ್ಕೆ ತಣಿಸಿ ಹೆಸರು ಮಾಡಿದ ಭೌತವಿಜ್ಞಾನಿ. ಅಂಥವರಿಗೆ ಒಲೆಯ ಹತ್ತಿರ ಏನು ಕೆಲಸ? ಅವರು 1969ರಲ್ಲೇ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅಡುಗೆಮನೆಯ ಭೌತವಿಜ್ಞಾನದ ಬಗ್ಗೆ ಉಪನ್ಯಾಸ ಕೊಟ್ಟವರು. ಶುಕ್ರಗ್ರಹದ ವಾತಾವರಣದ ಬಿಸಿ ಅಳೆಯಬಲ್ಲ ನಮಗೆ ಸೂಫ್ಲೆಯ ಹೊಟ್ಟೆಯಲ್ಲಿ ಏನು ನಡೆಯುತ್ತದೆಂದು ತಿಳಿಯದಲ್ಲ ಎಂದು ಪೇಚಾಡಿದವರು. 1988ರಲ್ಲಿ ನೀವಿಬ್ಬರೂ ಸೇರಿ ಈ ಕಿತಾಪತಿಗೆ ಮಾಲಿಕ್ಯುಲರ್ ಅಂಡ್ ಫಿಸಿಕಲ್ ಗ್ಯಾಸ್ಟ್ರಾನಮಿ ಎಂದು ನಾಮಕರಣವನ್ನೂ ಮಾಡಿದಿರಿ.

ಹೋಗಲಿ, ನಿಮ್ಮದೇ ಕುಲದ ಹಿರಿಯರಿಗಾದರೂ ಗೌರವ ಕೊಟ್ಟಿರಾ? ಜರ್ಮನಿಯ ಯುಸ್ಟಸ್ ಲೀಬಿಗ್ ಸಾಮಾನ್ಯರೇ? ಸಾವಯವ ರಸಾಯನವಿಜ್ಞಾನವನ್ನು ಕಟ್ಟಿದವರು, ಪತ್ರಿಕೆಗೆ ಕಾಗದ ಬರೆದು ಜನಕ್ಕೆ ರಸಾಯನವಿಜ್ಞಾನ ತಿಳಿಹೇಳಿದವರು. ಮಾಂಸವನ್ನು ಕುದಿಯುವ ನೀರಿಗೆ ಹಾಕಿದರೆ ಮೇಲ್ಪದರ ಗಟ್ಟಿಯಾಗಿ ರಸ ಒಳಗೇ ಉಳಿಯುತ್ತದೆ, ತಣ್ಣೀರಿಗೆ ಹಾಕಿದರೆ ಸೋರಿಹೋಗುತ್ತದೆ ಎಂದು ಅವರು ಹೇಳಿದ್ದೇ ತಡ, ಯುರೋಪಿನ ಅಡುಗೆಪುಸ್ತಕಗಳು ಅದನ್ನು ತಲೆಯ ಮೇಲೆ ಹೊತ್ತುಕೊಂಡವು. ನೀವೋ, ಒಂದು ತುಂಡನ್ನು ತಣ್ಣೀರಿಗೂ ಇನ್ನೊಂದನ್ನು ಕುದಿನೀರಿಗೂ ಹಾಕಿ, ಮತ್ತೆ ಮತ್ತೆ ತೆಗೆದು ತೂಗಿದಿರಿ. ಬೇಯುತ್ತ ಬೇಯುತ್ತ ಎರಡರ ತೂಕವೂ ಒಂದೇ ಆಯಿತು. ಹತ್ತೊಂಬತ್ತನೆಯ ಶತಮಾನದ ಮಹಾಪುರುಷರೊಬ್ಬರನ್ನು ತಕ್ಕಡಿಯಲ್ಲಿಟ್ಟು ಸೋಲಿಸುವುದು ಯಾವ ಸಂಸ್ಕಾರ?

ಒಮ್ಮೆ ಮಾತ್ರ ನೀವು ದಾರಿಗೆ ಬಂದಿರೆಂದು ಆಸೆಪಟ್ಟೆವು. ಎಳೆ ಹಂದಿಮರಿಯನ್ನು ಬೆಂಕಿಯಿಂದ ಇಳಿಸಿದ ಕೂಡಲೇ ತಲೆ ಕತ್ತರಿಸಿದರೆ ಚರ್ಮ ಗರಿಗರಿಯಾಗಿಯೇ ಉಳಿಯುತ್ತದೆ ಎಂದು ಗ್ರಿಮೋ ದ ಲಾ ರೇನಿಯೇರ್ ಎಂಬ ಹಳೆಯ ಭೋಜನಪ್ರಿಯ ಬರೆದಿದ್ದ. ಕೇಳಿದರೆ ಶುದ್ಧ ಮೌಢ್ಯದಂತಿದೆ. ನೀವು ಊರ ಮುಂದೆ ಹಂದಿಮರಿಗಳನ್ನು ಸುಟ್ಟು, ಕೆಲವುಗಳ ತಲೆ ತೆಗೆದು ಕೆಲವುಗಳ ತಲೆ ಬಿಟ್ಟು, ಯಾವುದು ಯಾವುದೆಂದು ಹೇಳದೆ ಜನರಿಗೆ ತಿನ್ನಿಸಿದಿರಿ. ಮಾತು ನಿಜವಾಯಿತು! ನಾವು ಶಿಳ್ಳೆ ಹೊಡೆಯುವಷ್ಟರಲ್ಲಿ ನೀವು ಕಾರಣ ಹೇಳಿದಿರಿ: ಕತ್ತರಿಸಿದ ಕಡೆಯಿಂದ ಒಳಗಿನ ಹಬೆ ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ಚರ್ಮವನ್ನೇ ತೋಯಿಸಿ ಮೆತ್ತಗಾಗಿಸುತ್ತದೆ. ಅಂದರೆ ಹಿರಿಯರು ಗೆದ್ದಾಗಲೂ ಬಿರುದು ಹೋದದ್ದು ಹಬೆಗೆ. ನಮಗೇನು ಸಿಕ್ಕಿತು?

ಆದರೆ ನಿಮ್ಮ ಮೇಲಿನ ನಿಜವಾದ ಸಿಟ್ಟು ಮೇಯನೇಸಿನದು. ನಿಮ್ಮ ಫ್ರಾನ್ಸಿನಲ್ಲಿ ಮುಟ್ಟಾದ ಹೆಂಗಸು ಮೇಯನೇಸ್ ಕಡೆದರೆ ಅದು ಒಡೆಯುತ್ತದೆ ಎಂದು ನಂಬಿದ್ದರಂತೆ. ಓದಿ ನನಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು. ನಮ್ಮಲ್ಲಿ ಅವಳು ಉಪ್ಪಿನಕಾಯಿ ಭರಣಿ ಮುಟ್ಟುವಂತಿಲ್ಲ, ಬೂಷ್ಟು ಬರುತ್ತದೆ. ಏಳು ಸಮುದ್ರ ದಾಟಿಯೂ ಎರಡು ಅಡುಗೆಮನೆಗಳು ಒಂದೇ ಹೆಂಗಸಿನ ಮೇಲೆ ತಪ್ಪು ಹೊರಿಸಿವೆ ಎಂದರೆ ಎಂಥ ಐಕಮತ್ಯ! ನೀವು ಅದಕ್ಕೂ ಕಲ್ಲು ಹಾಕಿದಿರಿ. ಮೇಯನೇಸ್ ಎಂದರೆ ಮೊಟ್ಟೆಯ ಹಳದಿಗೆ ಎಣ್ಣೆ ಹಾಕಿ ಕಡೆದದ್ದು; ಆ ಹಳದಿಯಲ್ಲಿ ಸುಮಾರು ಅರ್ಧ ನೀರೇ. ಅದರಲ್ಲಿರುವ ಪ್ರೋಟೀನುಗಳೂ ಲೆಸಿಥಿನ್ನೂ ಎಣ್ಣೆಯ ಸಣ್ಣ ಹನಿಗಳನ್ನು ಸುತ್ತುವರಿದು ಒಂದನ್ನೊಂದು ಕೂಡದಂತೆ ತಡೆಯುತ್ತವೆ. ಎಣ್ಣೆಯನ್ನು ಗಡಿಬಿಡಿಯಲ್ಲಿ ಸುರಿದರೆ, ಸಾಕಷ್ಟು ಕಡೆಯದಿದ್ದರೆ ಒಡೆಯುತ್ತದೆ, ಇದರಲ್ಲಿ ತಿಂಗಳ ಮುಟ್ಟಿಗೆ ಪಾತ್ರವಿಲ್ಲ ಎಂದಿರಿ. ಇದೇ ಮಾತು ನಮ್ಮ ಭರಣಿಯವರೆಗೆ ಬಂದರೆ ಗತಿಯೇನು? ಉಪ್ಪು ಕಡಿಮೆಯಾಗಿತ್ತು, ಮಾವಿನಕಾಯಿ ಒರೆಸಿ ಆರಿಸಿರಲಿಲ್ಲ, ಒದ್ದೆ ಸೌಟು ಹಾಕಿದ್ದರು ಎಂದೆಲ್ಲ ಹುಡುಕುತ್ತ ಹೋದರೆ ಉಪ್ಪಿನಕಾಯಿ ಹಾಕಿದ ಅತ್ತೆಯ ಕೈಗೇ ಬಂದು ನಿಲ್ಲುತ್ತದೆ. ಹೊರಗೆ ಕೂತ ಸೊಸೆ ಇದ್ದರೆ ಈ ವಿಚಾರಣೆಯೇ ಬೇಕಿಲ್ಲ.

ನಮಗೆ ವಿಜ್ಞಾನದ ಮೇಲೆ ದ್ವೇಷವಿದೆ ಎಂದು ಮಾತ್ರ ತಿಳಿಯಬೇಡಿ. ನಮ್ಮಷ್ಟು ವಿಜ್ಞಾನವನ್ನು ನೆನೆಯುವವರು ನಿಮ್ಮ ದೇಶದಲ್ಲೂ ಇರಲಿಕ್ಕಿಲ್ಲ. ಬಾಳೆಲೆ ಊಟಕ್ಕೆ, ನೆಲದ ಮೇಲೆ ಕೂರುವುದಕ್ಕೆ, ಗ್ರಹಣದ ದಿನ ಉಪವಾಸ ಇರುವುದಕ್ಕೆ, ಎಲ್ಲಕ್ಕೂ ವೈಜ್ಞಾನಿಕ ಕಾರಣ ಇದೆ. ಬೆಳಿಗ್ಗೆ ಕಾಫಿಗೆ ಮುಂಚೆಯೇ ವಾಟ್ಸಾಪಿನಲ್ಲಿ ನಾಸಾದ ಒಪ್ಪಿಗೆ ಬಂದು ಬಿದ್ದಿರುತ್ತದೆ. ನಮ್ಮ ಪದ್ಧತಿಯಲ್ಲಿ ಮೊದಲು ತೀರ್ಮಾನ, ಆಮೇಲೆ ವಿಜ್ಞಾನ. ಪಾತ್ರೆ ತೊಳೆಯುವ ಗೋಜೂ ಇಲ್ಲ. ನೀವು ಇದನ್ನು ಕಲಿತಿದ್ದರೆ ಇಷ್ಟು ವರ್ಷ ಮೊಟ್ಟೆ ಒಡೆಯುವುದು ತಪ್ಪುತ್ತಿತ್ತು. ಅದೂ ಸಾಲದೆಂದು ಬೆಂದ ಮೊಟ್ಟೆಯ ಬಿಳಿಯನ್ನು ಸೋಡಿಯಂ ಬೋರೋಹೈಡ್ರೈಡ್ ಹಾಕಿ ಮತ್ತೆ ನೀರಾಗಿಸಿ ತೋರಿಸಿದಿರಂತೆ. ತಿನ್ನುವ ಹಾಗಿಲ್ಲ, ಆದರೂ ಬೆಂದದ್ದು ಬೆಂದುಹೋಯಿತು ಎಂದು ಸಮಾಧಾನ ಹೇಳುವ ಒಂದು ಸುಖವಿತ್ತು, ಅದೂ ಹೋಯಿತು.

ಆದ್ದರಿಂದ ಒಂದು ಬಿನ್ನಹ. ದಯವಿಟ್ಟು ಉಪ್ಪಿನಕಾಯಿಯ ಕಾಲದಲ್ಲಿ ನಮ್ಮ ಕಡೆ ಬರಬೇಡಿ. ಬಂದೇ ಬರುತ್ತೀರಾದರೆ ಒಂದೇ ಮರದ ಕಾಯಿ, ಒಂದೇ ಅಳತೆಯ ಉಪ್ಪು, ಒಣಗಿದ ಭರಣಿಗಳು; ಅರ್ಧದಷ್ಟನ್ನು ಮುಟ್ಟಾದವರು ತುಂಬಲಿ, ಉಳಿದರ್ಧವನ್ನು ಬೇರೆಯವರು ತುಂಬಲಿ; ಯಾವುದು ಯಾರದೆಂದು ಚೀಟಿಯಲ್ಲಿ ಬರೆದು ಬೀಗ ಹಾಕಿಡಿ. ಮಳೆಗಾಲ ಕಳೆದ ಮೇಲೆ ತೆರೆದು ನೋಡಿ. ಫಲಿತಾಂಶವನ್ನು ಮಾತ್ರ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅಲ್ಲಿ ಸೊಸೆಯಂದಿರೂ ಇದ್ದಾರೆ.

ಇತಿ,
ಅಡುಗೆಮನೆಯ ಹಿರಿಯರ ಪರವಾಗಿ